ನೀರಡಿಯ ಊರಿಗೆ ಹೊದಿಸಿದ ಶಾಲು

ಲೈಲ್ ಕ್ಯಾಸಲ್‌ಮನ್ ಆಯುಷ್ಯವೆಲ್ಲ ಒಂಟಾರಿಯೋದ ರಸ್ತೆಗಳಲ್ಲಿ ಹಿಮ ಗೋರುವ ಲಾರಿ ಓಡಿಸಿದವನು. ನಿವೃತ್ತಿಯಾದ ಮೇಲೆ ವಾರಿಗೆಯವರು ಮೀನು ಹಿಡಿಯುತ್ತ ಕುಳಿತರೆ, ಈ ಪುಣ್ಯಾತ್ಮ ಕಂಪ್ಯೂಟರಿನೊಳಗೆ ಊರು ಕಟ್ಟುತ್ತ ಕುಳಿತ. ಅವನ ಹುಟ್ಟೂರು ಹಾರ್ಟ್ಸ್ ಲ್ಯಾಂಡಿಂಗ್ ಈಗ ಸೇಂಟ್ ಲಾರೆನ್ಸ್ ನದಿಯ ತಳದಲ್ಲಿದೆ. ಅಣೆಕಟ್ಟಿನ ನೀರು ಏರಿದಾಗ ಅವನಿನ್ನೂ ಕೈಗೂಸು. ನೆನಪೆಲ್ಲ ಅಕ್ಕ ವಿಲ್ಮಾಳದು. ಅವಳು ಹೇಳಿದ ಹಾಗೆಯೇ ಇವನು ಪರದೆಯ ಮೇಲೆ ಬೇಲಿ ಹಾಕಿದ, ಸೇಬಿನ ಮರ ನೆಟ್ಟ.

ಅಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಹಿಮ ಕರಗುವವರೆಗೆ ಕಂಡರೆ ಪುಣ್ಯ ಅಂದಿದ್ದರು ಡಾಕ್ಟರು. ಅಷ್ಟರೊಳಗೆ ಪರದೆಯ ಮೇಲಾದರೂ ಆ ಬೀದಿಯಲ್ಲಿ ನಡೆದು ತಮ್ಮ ಮನೆ ನೋಡಬೇಕೆಂಬುದೊಂದೇ ಅವಳ ಹಟ. ಆದರೆ ಹಾಳು ಯಂತ್ರ ಕೇಳಬೇಕಲ್ಲ! ಚರ್ಚಿನ ತಿರುವು ಬಂತೆಂದರೆ ಫ್ಯಾನು ಅರಚಿಕೊಳ್ಳುತ್ತಿತ್ತು, ಪರದೆ ಕಪ್ಪಾಗುತ್ತಿತ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಕಾದು ಕೆಂಡವಾಗಿರುತ್ತಿತ್ತು.

"ಮತ್ತೆ ಮುಳುಗಿತೇನೋ ಊರು?" ವಿಲ್ಮಾ ಚಹಾ ಗುಟುಕರಿಸುತ್ತ ಕೇಳಿದಳು.

"ಚರ್ಚಿನ ಮುಂದೆ ಮರ ಜಾಸ್ತಿ ಆಯ್ತಕ್ಕಾ, ಯಂತ್ರಕ್ಕೆ ಭಾರ ಆಗ್ತಿದೆ. ಒಂದು ನಾಲ್ಕು ಕಡೀಲಾ?"

"ಕಡಿದು ನೋಡು, ಕೈ ಮುರೀತೀನಿ."

ಲೈಲ್ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಕಾರ್ಡನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದ. ಫ್ಯಾನಿನ ಹಿಂದೆ ತಗಡಿನ ಸಂದುಗಳಲ್ಲೆಲ್ಲ ನೀಲಿ ಜುಂಗು ಒತ್ತಾಗಿ ಕೂತಿತ್ತು. ಗಾಳಿ ಆಡುವುದಾದರೂ ಎಲ್ಲಿಂದ?

"ಅಕ್ಕಾ, ಇದು ನಿನ್ನ ಶಾಲಿನ ಉಣ್ಣೆ ಅಲ್ವಾ?"

ವಿಲ್ಮಾ ಕಿಟಕಿಯಾಚೆ ಹೆಪ್ಪುಗಟ್ಟಿದ ನದಿಯ ಕಡೆ ಮುಖ ತಿರುಗಿಸಿದಳು. "ಯಂತ್ರ ಹಾಗೇ ಬಿಟ್ಟು ನೀನು ಊಟಕ್ಕೆ ಏಳ್ತಿದ್ದೆಯಲ್ಲ, ಆಗ ಹೊದಿಸ್ತಿದ್ದೆ. ಚಳೀಲಿ ಲಾರಿ ಇಂಜಿನ್ನಿಗೆ ಕಂಬಳಿ ಹಾಕ್ಬೇಕು ಅಂತ ನೀನೇ ಹೇಳ್ತಿರಲಿಲ್ವೇನೋ?"

"ಇದು ಲಾರಿ ಅಲ್ಲಕ್ಕಾ."

"ಗೊತ್ತು ಕಣೋ. ಊರು ಅಷ್ಟು ಆಳದಲ್ಲಿದೆ. ಮೇಲೆ ಮಂಜುಗಡ್ಡೆ ಬೇರೆ. ಎಷ್ಟು ಚಳಿಯಾಗ್ತಿದೆಯೋ ಅನ್ನಿಸ್ತಿತ್ತು."

ಲೈಲ್ ಕಾರ್ಡನ್ನು ಮೇಜಿನ ಮೇಲೆ ಮಲಗಿಸಿದ. ಮೆತ್ತನೆಯ ಕುಂಚದಿಂದ ಉಣ್ಣೆಯನ್ನೆಲ್ಲ ಬಿಡಿಸಿ ತೆಗೆದ. ಕಾರ್ಡಿನ ಚಿಪ್ ಮೇಲೆ ಒಣಗಿ ಚಕ್ಕೆಯಾಗಿದ್ದ, ಕಾವು ಎಳೆದುಕೊಳ್ಳುವ ಹಳೆಯ ಪೇಸ್ಟನ್ನು ಒರೆಸಿ, ಬಟಾಣಿ ಗಾತ್ರದಷ್ಟು ಹೊಸದನ್ನು ಇಟ್ಟು, ತಿರುಪು ಬಿಗಿ ಮಾಡಿ, ಕಾರ್ಡನ್ನು ಮತ್ತೆ ಪೆಟ್ಟಿಗೆಯೊಳಗೆ ಕೂರಿಸಿದ. ಆ ನೀಲಿ ಉಣ್ಣೆಯನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡ.

ಈ ಸಲ ಫ್ಯಾನು ತನ್ನಷ್ಟಕ್ಕೆ ಗುನುಗುತ್ತಿತ್ತು. ಅಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತಳು. ಬೇಲಿಗಳು ಒಂದೊಂದಾಗಿ ಹಿಂದೆ ಸರಿದವು. ಚರ್ಚಿನ ತಿರುವು ಬಂತು, ಎಲೆಗಳೆಲ್ಲ ಅಲುಗಾಡಿದವು, ತಿರುವು ಕಳೆಯಿತು. ಕೊನೆಗೆ ಬಿಳಿ ಮನೆ, ಅದರ ಹಸಿರು ಬಾಗಿಲು.

ವಿಲ್ಮಾಳ ಕೆನ್ನೆ ಒದ್ದೆಯಾಗಿತ್ತು. "ಬಾಗಿಲು ತೆಗಿ," ಎಂದಳು.

"ಒಳಗೆ ಏನೂ ಇಲ್ಲಕ್ಕಾ. ಒಳಗಿನದು ನೀನು ಹೇಳೇ ಇಲ್ಲ."

"ನೀನು ಕೇಳಿದ್ದೆಲ್ಲ ಬೀದಿ, ಬೇಲಿ, ಮರ. ಒಳಗಿಂದು ಕೇಳಲೇ ಇಲ್ವಲ್ಲೋ."

ಅವಳು ಕಣ್ಣು ಮುಚ್ಚಿಕೊಂಡಳು. ಈಗ ಅವಳಿಗೆ ಕಣ್ಣು ಬೇಕಾಗಿಯೂ ಇರಲಿಲ್ಲ.

"ಬಾಗಿಲು ದಾಟಿದ್ರೆ ಬಲಗಡೆ ಒಲೆ. ಒಲೆ ಪಕ್ಕದಲ್ಲಿ ನಿನ್ನ ತೊಟ್ಟಿಲು. ಅಲ್ಲಿಂದ ಶುರು ಮಾಡು."