ಎದುರುಮನೆ ಆಂಟಿಯ ರೈಲು

ಎದುರುಮನೆ ಆಂಟಿಯ ಬಲಗೈ ಬಳೆಗೆ ಮೂರ್ನಾಲ್ಕು ಸೇಫ್ಟಿ ಪಿನ್ನುಗಳ ಜೊತೆ ಬೆರಳುದ್ದದ ಸ್ಕ್ರೂಡ್ರೈವರ್ ಒಂದು ಸದಾ ತೂಗಾಡುತ್ತಿತ್ತು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗಲೂ ಅದು ಕಿಣಿಕಿಣಿ ಅನ್ನುತ್ತಿತ್ತು. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಶೇಷಾದ್ರಿಪುರಂನ ಮನೆಯ ಹಾಲ್ ತುಂಬ ಹಲಗೆ ಹಾಸಿ ಪುಟ್ಟ ರೈಲು ಹಳಿ ಹಾಕಿದ್ದರು. ನಾಲ್ಕು ಸ್ಟೇಷನ್, ಒಂದು ಸಿಮೆಂಟ್ ಕಾರ್ಖಾನೆ, ಒಂದು ಸಕ್ಕರೆ ಗೋದಾಮು. ನೆಂಟರು ಬಂದರೆ ಊಟಕ್ಕೆ ಕೂರಿಸಲು ಜಾಗವಿರಲಿಲ್ಲ. ಅದಕ್ಕೆ ಅವರಿಗೇನೂ ಬೇಸರವಿರಲಿಲ್ಲ.

"ಸುಮ್ನೆ ಸುತ್ತಾ ಇದ್ರೆ ಅದು ರೈಲಲ್ಲ ಕಣೇ, ಆಟದ ಸಾಮಾನು. ಪ್ರತಿ ವ್ಯಾಗನ್‌ಗೂ ಒಂದು ಕೆಲಸ ಇರ್ಬೇಕು," ಎನ್ನುತ್ತಿದ್ದರು. ಭಾನುವಾರ ಬೀದಿಯ ನಾವು ಐದಾರು ಜನ ಅವರ ಮನೆಯಲ್ಲಿ ಸೇರಿ ರೈಲು ಓಡಿಸುತ್ತಿದ್ದೆವು. ಯಾವ ವ್ಯಾಗನ್ ಖಾಲಿ, ಯಾವುದು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಇದ್ದದ್ದು ಅವರ ತಲೆಯಲ್ಲಿ. ಮಾತೆತ್ತಿದರೆ, "ಆಂಟೀ, ಇದೆಲ್ಲಿಗೆ?"

ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ ವಾರ ಆಂಟಿ ನನ್ನನ್ನು ಕರೆದರು. ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ಡೇಟಾಬೇಸ್ ಕೆಲಸ ನನ್ನ ಹೊಟ್ಟೆಪಾಡು. "ನಾನಿಲ್ದೇನೂ ಇದು ಓಡ್ಬೇಕು. ನನ್ ತಲೇಲಿರೋದನ್ನ ಕಂಪ್ಯೂಟರಿಗೆ ಹಾಕ್ಕೊಡು," ಅಂದರು. "ಯಾಕಾಂಟಿ ಹಂಗಂತೀರಾ..." ಎಂದು ನಾನು ರಾಗ ಎಳೆದರೆ, "ಅಳೋದೆಲ್ಲ ಆಮೇಲೆ. ಮೊದ್ಲು ಕೆಲಸ ಶುರು ಮಾಡು," ಎಂದು ಗದರಿದರು.

ವ್ಯಾಗನ್‌ಗಳಿಗೊಂದು ಪಟ್ಟಿ, ಸ್ಟೇಷನ್‌ಗಳಿಗೊಂದು, ಸರಕಿಗೊಂದು ಮಾಡಿದೆ. ಯಾವ ಖಾಲಿ ವ್ಯಾಗನ್ ಎಲ್ಲಿಗೆ ಎಂದು ಡೇಟಾಬೇಸೇ ಆರಿಸಿ ನಮ್ಮ ಮೊಬೈಲಿಗೆ ಕಳಿಸಬೇಕು. ಅದನ್ನು ಮೊದಲ ಸಲ ಓಡಿಸಿ ನೋಡುವ ಭಾನುವಾರ ಆಂಟಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. "ನನ್ನ ಕೇಳ್ಬೇಡಿ. ಅದನ್ನ ಕೇಳಿ."

ಸ್ವಲ್ಪ ಹೊತ್ತಿಗೆಲ್ಲ ಎಲ್ಲವೂ ನಿಂತುಹೋಯಿತು. ಎರಡೇ ವ್ಯಾಗನ್ ಹಿಡಿಸುವ ಕಾರ್ಖಾನೆ ಹಳಿಗೆ ಅದು ಐದು ಕಳಿಸಿತ್ತು! ಉಳಿದವು ಮುಖ್ಯ ಹಳಿಯ ಮೇಲೇ ನಿಂತು ದಾರಿ ಕಟ್ಟಿದ್ದವು. ಬಾಗಿಲು ಬಡಿದೆವು, ತೆಗೆಯಲಿಲ್ಲ. ಒಗ್ಗರಣೆಯ ಘಮ ಮಾತ್ರ ಬಂತು. ಎಂಥ ಹಟ! ನನಗೆ ಸಿಟ್ಟೇ ಬಂತು.

ಕೊನೆಗೆ ಅವರು ಉಪ್ಪಿಟ್ಟಿನ ಪಾತ್ರೆ ಹಿಡಿದು ಬಂದವರು ಹಳಿ ನೋಡಿ ಹಣೆ ಚಚ್ಚಿಕೊಂಡರು. "ಎಲ್ಲೆಲ್ಲಿ ಎಷ್ಟು ಹಿಡಿಸುತ್ತೆ ಅಂತ ನಂಗ್ ಗೊತ್ತಿತ್ತು, ನಿಂಗ್ ಹೇಳೇ ಇಲ್ವಲ್ಲೇ! ತಪ್ಪು ನಂದು." ಆ ವಾರವಿಡೀ ಹೊಲಿಗೆಯ ಟೇಪು ಹಿಡಿದು, ಏದುಸಿರು ಬಿಡುತ್ತ, ಒಂದೊಂದು ಹಳಿಯನ್ನೂ ಅಳೆದು ಹೇಳಿದರು. ನಾನು ಡೇಟಾಬೇಸಿಗೆ ತುಂಬಿಸಿದೆ.

ಮುಂದಿನ ಭಾನುವಾರ ಮತ್ತೆ ಅಡುಗೆಮನೆ ಬಾಗಿಲು ಹಾಕಿಕೊಂಡರು; ಈ ಸಲ ಯಾರೂ ಬಡಿಯಲಿಲ್ಲ. ಆಂಟಿ ತಾವಾಗಿಯೇ ಹೊರಬಂದು, "ಯಾರೂ ಕರೀಲೇ ಇಲ್ವಲ್ರೋ!" ಎಂದು ನಕ್ಕರು. ಕಣ್ಣು ತುಂಬಿತ್ತು.

ಇವತ್ತಿಗೂ ಆಫೀಸಿನಲ್ಲಿ ಏನೇ ಮಾಡಿದರೂ, ನಾನು ಹೋಗಿ ಅಡುಗೆಮನೆಯಲ್ಲಿ ಕೂತರೆ ಇದು ನಡೆಯುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ. ಅದು ಅವರು ಕೊಟ್ಟ ಬುದ್ಧಿ.

ಅವರು ತೀರಿಕೊಂಡ ಮೇಲೆ ಒಂದು ಭಾನುವಾರ ಅವರ ತಂಗಿ ಮನೆಯ ಬಾಗಿಲು ತೆಗೆದುಕೊಟ್ಟರು. ರೈಲುಗಳು ಎಲ್ಲೂ ತಡೆಯದೆ ಓಡಿದವು. ಯಾರಿಗೂ ಏನೂ ಕೇಳಬೇಕಾಗಿ ಬರಲಿಲ್ಲ. ಆದರೂ ನೀರು ಕುಡಿಯುವ ನೆಪ ಮಾಡಿಕೊಂಡು, ಒಬ್ಬೊಬ್ಬರಾಗಿ, ಎಲ್ಲರೂ ಅಡುಗೆಮನೆಗೆ ಹೋಗಿಬಂದೆವು.