ಎಲ್ಸಮ್ಮ ಬಿಟ್ಟೆದ್ದ ಅನ್ನ

ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಪಕ್ಕದ ಮನೆಯ ಮರಿಯಾನ್ ಫೋನು ಮಾಡಿ, ಅಮ್ಮ ಬೆಳಗಿನ ಜಾವ ಹೋದಳು, ನಿದ್ದೆಯಲ್ಲೇ, ಎಂದಳು. ಆ ತಾಯಿಯನ್ನು ಒಮ್ಮೆ ಉಣ್ಣುತ್ತಿದ್ದ ತಟ್ಟೆಯಿಂದ ಎಬ್ಬಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದರೆ ಸುತ್ತಿ ಬಳಸಿ ನನ್ನನ್ನೇ ಒಳ್ಳೆಯವಳನ್ನಾಗಿ ಮಾಡಿಕೊಂಡೇನು.

ಹೆಸರುಗಳನ್ನು ಬದಲಿಸಿದ್ದೇನೆ. ಅವರು ಮಗಳಿಗೂ ಹೇಳದೆ ನನಗೊಬ್ಬಳಿಗೇ ಹೇಳಿದ ಮಾತು ಇದರಲ್ಲಿದೆ. ಬರೆಯುವುದು ಸರಿಯೋ ಅಲ್ಲವೋ... ಆದರೆ ಅದನ್ನು ಬಿಟ್ಟು ಬರೆದರೆ ನನ್ನ ತಪ್ಪು ಎಷ್ಟು ದೊಡ್ಡದೆಂದು ಯಾರಿಗೂ ಗೊತ್ತಾಗುವುದಿಲ್ಲ.

ನಾವು ಅಮೆರಿಕದ ಸ್ಯಾನ್ ರಮೋನಿಗೆ ಬಂದ ಹೊಸತರಲ್ಲಿ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಯಜಮಾನರು ಆಫೀಸಿಗೆ, ಮಗಳು ಸ್ಕೂಲಿಗೆ ಹೋದರೆ ಮಾತಾಡಲು ಗೋಡೆಯೇ ಗತಿ. ಆಗ ಸಿಕ್ಕಿದವರು ಪಕ್ಕದ ಮನೆಯ ಎಲ್ಸಾ, ಮರಿಯಾನಳ ತಾಯಿ. ಎಂಬತ್ತು ದಾಟಿದ್ದರೂ ನೆಟ್ಟಗೆ ನಡೆಯುವರು. ನಾನು ಎಲ್ಸಮ್ಮ ಎಂದು ಕರೆದು ಅದರ ಅರ್ಥ ಇಂಗ್ಲಿಷಿನಲ್ಲಿ ಹೇಳಿದಾಗ, "ಊಟ ಹಾಕೋಳು ನೀನು, ಅಮ್ಮ ಆಗೋಳು ನಾನು. ಒಳ್ಳೆ ವ್ಯಾಪಾರ," ಎಂದು ನಕ್ಕಿದ್ದರು. ಗುರುವಾರ ನನ್ನ ಪೂಜೆ, ನೈವೇದ್ಯ ಮುಗಿದ ಮೇಲೆ ಅವರು ನಮ್ಮಲ್ಲಿಗೆ ಊಟಕ್ಕೆ ಬರುವುದು ರೂಢಿಯಾಯಿತು. ನಲ್ಲಿಯಲ್ಲಿ ಬಿಸಿನೀರು, ಡಬ್ಬದಲ್ಲಿ ಅಕ್ಕಿ, ನೋಯದ ಮೊಣಕಾಲು—ದೇವರು ಕೊಟ್ಟ ಇಂಥವನ್ನೆಲ್ಲ ದೀಪ ಹಚ್ಚುವಾಗ ಎಣಿಸಿಕೊಳ್ಳುವ ಅಭ್ಯಾಸ ನನಗೆ. ಎಲ್ಸಮ್ಮನೂ ಆ ಎಣಿಕೆಯಲ್ಲಿದ್ದರು.

ಅವರು ತಟ್ಟೆಯಲ್ಲಿ ಒಂದು ಅಗುಳೂ ಬಿಡುತ್ತಿರಲಿಲ್ಲ. ಕರಿಬೇವನ್ನೂ ಅಗಿದು ನುಂಗುವರು.

"ಅದನ್ನ ಪಕ್ಕಕ್ಕಿಡಿ ಎಲ್ಸಮ್ಮ, ಅದು ಬರೀ ಘಮಕ್ಕೆ."

"ಬೇಲಿ ಪಕ್ಕದ ಹುಲ್ಲು ಬೇಯಿಸ್ಕೊಂಡು ತಿಂದಿದೀನಿ ಪದ್ಮಾ. ಅದಕ್ಕೆ ಘಮಾನೂ ಇರ್ಲಿಲ್ಲ."

ಹೀಗೆ ತುಣುಕು ತುಣುಕಾಗಿ ಅವರ ಕಥೆ ಗೊತ್ತಾಯಿತು. ಜಾವಾ ದ್ವೀಪದಲ್ಲಿ ನೆಲೆಸಿದ್ದ ಡಚ್ ಮನೆತನ. ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಬಂದು ಅಪ್ಪನನ್ನು ಒಂದು ಕಡೆ ಒಯ್ದಿತು, ಅಮ್ಮನನ್ನೂ ಇವರನ್ನೂ ಬಿದಿರು ಬೇಲಿಯ ಹೆಂಗಸರ ಶಿಬಿರಕ್ಕೆ ತಳ್ಳಿತು. ಬಿಸಿಲಲ್ಲಿ ನಿಂತು ಕಾವಲುಗಾರರಿಗೆ ಬಾಗಬೇಕು. ಸಂಜೆ ಹಸಿದ ಹೆಂಗಸರೆಲ್ಲ ಸೇರಿ ಬಾಯಲ್ಲೇ ಅಡುಗೆ ಮಾಡುತ್ತಿದ್ದರಂತೆ—ಒಬ್ಬಳು ಬೆಣ್ಣೆ ಹಾಕಿದರೆ ಇನ್ನೊಬ್ಬಳು ಸಕ್ಕರೆ ಜಾಸ್ತಿ ಆಯ್ತು ಎಂದು ಜಗಳಕ್ಕೆ ಬರುವಳಂತೆ. ಎಲ್ಸಾ ಹಳೇ ಪರದೆಯಲ್ಲಿ ಅಂಗಿ ಹೊಲಿದು, ಕಾಯಿಲೆಯವರ ಬಟ್ಟೆ ಒಗೆದು, ಅಮ್ಮನನ್ನು ಬದುಕಿಸಿಕೊಂಡರು. ಯುದ್ಧ ಮುಗಿಯಿತೆಂದು ಸಾರಿದ ಮೇಲೂ ಬಿಡುಗಡೆ ಇಲ್ಲ. ದ್ವೀಪದವರ ಸ್ವಾತಂತ್ರ್ಯದ ಹೋರಾಟ ಹೊತ್ತಿಕೊಂಡಿತ್ತು; ಡಚ್ಚರೆಲ್ಲ ಈಗ ಇನ್ನೊಂದು ಶಿಬಿರದ ಕೈದಿಗಳು.

ಒಂದು ಗುರುವಾರ ಚಿತ್ರಾನ್ನ ಮಾಡಿದ್ದೆ. ಹುಟ್ಟುಹಬ್ಬಕ್ಕೆ ಅಮ್ಮ ಇಂಥದೇ ಹಳದಿ ಅನ್ನ ಮಾಡುತ್ತಿದ್ದಳು ಎಂದರು ಎಲ್ಸಮ್ಮ. ಎರಡು ತುತ್ತು ಉಂಡರು. ಆಮೇಲೆ ತಟ್ಟೆ ನೋಡಿಕೊಂಡೇ ಹೇಳಿದರು:

"ಎರಡನೇ ಕ್ಯಾಂಪಲ್ಲಿ ಒಂದಿನ ಬೆಳಿಗ್ಗೆ ಅಮ್ಮ ಏಳ್ಲಿಲ್ಲ. ಮುಟ್ಟಿ ನೋಡ್ದೆ, ತಣ್ಣಗಿದ್ಳು. ಅಷ್ಟರಲ್ಲಿ ಗಂಜಿ ಬಂತು. ಮಲ್ಗಿದಾಳೆ ಅಂತ ಹೇಳಿ ಅವಳ ಪಾಲೂ ಇಸ್ಕೊಂಡೆ. ಪಕ್ಕದಲ್ಲೇ ಕೂತು ಎರಡೂ ತಿಂದೆ. ತಿಂದಾದ್ಮೇಲೆ ಎಲ್ಲರಿಗೂ ಹೇಳ್ದೆ. ನನಗಾಗ ಹದಿನಾರು."

ತಲೆ ಎತ್ತಿ ನನ್ನನ್ನು ನೋಡಿದರು. ನಾನು ದಿನಾ ದೀಪ ಹಚ್ಚುವವಳು, ನನ್ನ ಬಾಯಲ್ಲಿ ದೇವರ ಮಾತು ಬಂದೀತು ಎಂದುಕೊಂಡಿದ್ದರೋ ಏನೋ. ನನ್ನ ಬಾಯಲ್ಲಿ ಬಂದದ್ದು ಇದು:

"ನಮ್ಮಲ್ಲಿ ಹೆಣ ಎತ್ತೋವರೆಗೂ ಮನೇಲಿ ಯಾರೂ ತುತ್ತು ಎತ್ತಲ್ಲ."

ಅವರು ಚಮಚ ಕೆಳಗಿಟ್ಟರು. "ಒಳ್ಳೇ ಪದ್ಧತಿ," ಎಂದರು. ಅನ್ನ ಅರ್ಧಕ್ಕರ್ಧ ತಟ್ಟೆಯಲ್ಲೇ ಇತ್ತು. ನನಗೆ ಥ್ಯಾಂಕ್ಸ್ ಹೇಳಿ ಎದ್ದು ಹೋದರು.

ಬಾಯಿ ತಪ್ಪಿ ಬಂತು ಎಂದು ಬರೆಯಲಾರೆ. ಆ ಗಳಿಗೆಯಲ್ಲಿ ನನಗೆ ಹೇಸಿಗೆಯಾಗಿತ್ತು. ಅದರ ಹಿಂದೆಯೇ ಒಂದು ಹೆಮ್ಮೆ—ನಾವು ಹಾಗಲ್ಲ ಎಂದು. ನಾವು ಹೇಗೆ? ಮೈಸೂರಿನಲ್ಲಿ ನನ್ನ ತಂದೆ ತೀರಿಕೊಂಡಾಗ, ಎಲ್ಲ ಮುಗಿಯಿತೆಂದು ತಮ್ಮನ ಫೋನು ಬರುವವರೆಗೆ ನಾನು ಇಲ್ಲಿ ಉಪವಾಸವಿದ್ದೆ. ತುಂಬಿದ ಫ್ರಿಜ್ಜಿನ ಮುಂದೆ, ಹೀಟರ್ ಹಾಕಿಕೊಂಡು. ಅದನ್ನು ಅವರ ಹಸಿವಿನ ಪಕ್ಕದಲ್ಲಿಟ್ಟು ತೂಗಿದೆನಲ್ಲ...

ಅವರು ಮತ್ತೆ ಊಟಕ್ಕೆ ಬರಲಿಲ್ಲ. ಹಬ್ಬಕ್ಕೆ ಡಬ್ಬಿ ಕೊಟ್ಟರೆ ಬಾಗಿಲಲ್ಲೇ ತೆಗೆದುಕೊಂಡು, ತೊಳೆದು ವಾಪಸು ಕೊಡುವರು. ಕಂಡಾಗ ಕೈ ಬೀಸುವರು, ನಾನೂ ಬೀಸುವೆ. ತಪ್ಪಾಯ್ತು ಎನ್ನಲು ಎಷ್ಟೋ ಗುರುವಾರಗಳಿದ್ದವು. ಅಂಗಳ ದಾಟಿದರೆ ಅವರ ಬಾಗಿಲು. ದಾಟಲಿಲ್ಲ. ಅವರು ಮರೆತಿರಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡೆ.

ಮಧ್ಯಾಹ್ನ ಬಂದು ದೇಹ ಒಯ್ಯುತ್ತಾರೆ, ಅದಕ್ಕೆ ಮುಂಚೆ ಬಾ ಎಂದಿದ್ದಳು ಮರಿಯಾನ್ ಫೋನಿನಲ್ಲಿ. ಸೊಪ್ಪನ್ನು ಹಾಗೇ ಬಿಟ್ಟು ಮೊಸರನ್ನ ಕಲಸಿಕೊಂಡು ಹೋದೆ. ಎಲ್ಸಮ್ಮ ಮಂಚದ ಮೇಲೆ ತೀರಾ ಸಣ್ಣಗೆ ಮಲಗಿದ್ದರು. ಮರಿಯಾನ್ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಮಂಚದ ಪಕ್ಕ ಕೂರಿಸಿ ಬಡಿಸಿದೆ.

"ನೀನು?" ಎಂದಳು.

ನಾನೂ ಹಾಕಿಕೊಂಡೆ. ಎಲ್ಸಮ್ಮನನ್ನು ಇನ್ನೂ ಎತ್ತಿರಲಿಲ್ಲ; ತುತ್ತು ಬಾಯಿಗಿಟ್ಟೆ. ನುಂಗಿದೆ.

"ಅಮ್ಮಂಗೆ ನಿನ್ನ ಅಡುಗೆ ಅಂದ್ರೆ ಪ್ರಾಣ," ಎಂದಳು ಮರಿಯಾನ್. "ಯಾಕಮ್ಮಾ ಈಗ ಹೋಗಲ್ಲ ಅಂದ್ರೆ, ಖಾರ ಬೇಡ ಅಂದಿದಾರೆ ಡಾಕ್ಟ್ರು, ಪದ್ಮಾಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾಳೆ ಅನ್ನೋಳು."

ಡಾಕ್ಟರು ಹೇಳಿದ್ದಲ್ಲ ಎಂದು ನನಗೆ ಗೊತ್ತು. ಮಗಳ ಮುಂದೆ ಅವರು ನನ್ನ ಮರ್ಯಾದೆ ಕಾಪಾಡಿದ್ದರು, ಇಷ್ಟು ವರ್ಷ. ಎಲ್ಸಮ್ಮನ ಮುಖ ನೋಡಿದೆ. ಹೇಳಬೇಕಾದ್ದನ್ನು ಕನ್ನಡದಲ್ಲೇ ಹೇಳಿದೆ. ಕೇಳುವವರು ಇದ್ದಾಗ ಹೇಳಬೇಕಿತ್ತು.

ಮನೆಗೆ ಬಂದಾಗ ಯಜಮಾನರು ನಡುಮನೆಯಲ್ಲಿದ್ದರು.

"ಏನೇ, ಸಾವಿನ ಮನೆಯಿಂದ ಸೀದಾ ಒಳಗೆ ಬರ್ತಿದೀಯ? ಸ್ನಾನ?"

"ಅಲ್ಲೇ ಊಟಾನೂ ಮಾಡ್ದೆ," ಎಂದೆ.

"ಡ್ರೈಯರ್ರು ಆಗಲೇ ನಿಂತಿದೆ," ಎಂದರು ಅವರು.

ಸ್ನಾನಕ್ಕೆ ಹೋಗದೆ, ಒಣಗಿದ ಬಟ್ಟೆಯನ್ನು ಡ್ರೈಯರಿನಿಂದ ತೆಗೆದು ಮಂಚದ ಮೇಲೆ ಸುರಿದುಕೊಂಡೆ. ಮೊದಲು ದುಪ್ಪಟಿ ಮಡಿಚಿದೆ.