ನಲವತ್ತು ಕಾಲಾಳುಗಳ ಯಾದಿ

ನನ್ನದು ಸ್ವಲ್ಪ ಹಟದ ಸ್ವಭಾವ. ಬರೆದದ್ದು ನೆಟ್ಟಗಿರಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಗೆರೆ ಕೂದಲೆಳೆಯಷ್ಟು ಜರುಗಿದರೂ ಹಾಳೆ ಹರಿದು ಮತ್ತೆ ಬರೆಯುತ್ತಿದ್ದೆ. ಇದೇ ಗುಣದಿಂದ ಒಂದು ದೀಪಾವಳಿಯಲ್ಲಿ ನಮ್ಮವ್ವನಿಗೆ ಉಪವಾಸ ತಂದಿಟ್ಟೆ.

ಊರಿನ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ನಿವೃತ್ತ ಕ್ಯಾಪ್ಟನ್ ಸಾಹೇಬರೊಬ್ಬರಿದ್ದರು. ಬಾವಿಯ ಪಂಪಿನ ಮುರಿದ ಭಾಗವೊಂದನ್ನು ಎರಕ ಹೊಯ್ಯಿಸಲು ನಮ್ಮ ಫೌಂಡ್ರಿಗೆ ಬಂದವರು ನನ್ನ ನಕ್ಷೆ ನೋಡಿ, "ನಿಮ್ಮ ಕೈ ಭಾಳ ಚಲೋ ಐತ್ರಿ. ರವಿವಾರ ಮನಿಗಿ ಬರ್ರಿ, ಒಂದ ಆಟ ತೋರಸ್ತೀನಿ" ಎಂದರು. ಹೋದೆ. ಅವರ ಪಡಸಾಲೆಯಲ್ಲಿ ದೊಡ್ಡ ಮೇಜು, ಅದರ ಮೇಲೆ ಹಸಿರು ಕಂಬಳಿ, ಕಂಬಳಿಯ ಕೆಳಗೆ ಪುಸ್ತಕಗಳನ್ನಿಟ್ಟು ಎಬ್ಬಿಸಿದ ಗುಡ್ಡಗಳು. ಗುಡ್ಡಗಳ ನಡುವೆ ಬೆರಳುದ್ದದ ಸೈನಿಕರು. ಅಳತೆಪಟ್ಟಿ ಹಿಡಿದು ಅವರನ್ನು ನಡೆಸಬೇಕು. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯಬೇಕು. ಬಿದ್ದವನನ್ನು ಎತ್ತಿ ಮೇಜಿನಾಚೆ ಮಲಗಿಸಬೇಕು. ಮೀಸೆ ಬಂದ ಗಂಡಸರು ಗೊಂಬೆ ಆಡುತ್ತಾರಲ್ಲ ಎಂದು ಮೊದಲು ನಗು ಬಂತು. ಎರಡನೆಯ ರವಿವಾರ ನಾನೇ ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲು ತಟ್ಟಿದೆ.

ದೀಪಾವಳಿಯ ಮರು ರವಿವಾರ ಸಾಹೇಬರು ಸಣ್ಣದೊಂದು ಪಂದ್ಯ ಇಟ್ಟರು. ಆಡುವವರು ನಾಲ್ವರು: ಕಾಲೇಜಿನ ಲೆಕ್ಚರರ್, ಬ್ಯಾಂಕಿನ ಗುಮಾಸ್ತ, ಕಣ್ಣಿನ ಡಾಕ್ಟರ್ ಮತ್ತು ನಾನು. ಸಾಹೇಬರು ಪಂಚರು. ಪ್ರತಿಯೊಬ್ಬರ ಸೈನ್ಯ ಸರಿಯಾಗಿ ನೂರು ಅಂಕದ್ದಿರಬೇಕು. ಕಾಲಾಳಿಗೆ ಒಂದು, ಕುದುರೆ ಸವಾರನಿಗೆ ಮೂರು, ಆನೆಗೆ ಹನ್ನೆರಡು, ತೋಪಿಗೂ ಹನ್ನೆರಡು. ಎಂಟು ದಿನ ಮೊದಲೇ ಯಾದಿ ಬರೆದು ಸಾಹೇಬರ ಕೈಗೆ ಕೊಡಬೇಕು. ಕೊಟ್ಟ ಮೇಲೆ ಒಂದಕ್ಷರವೂ ಬದಲಾಗುವಂತಿಲ್ಲ. ಯಾದಿಯ ಕೊನೆಯ ಅಂಕಣದಲ್ಲಿ ಯಾವ ತುಕಡಿ ಯಾವ ಉದ್ದೇಶಕ್ಕೆ ಎಂದು ಬರೆಯಬೇಕು.

ನಾನು ಆರು ಸಂಜೆ ಆ ಯಾದಿಗೆ ಕುಳಿತೆ. ಆನೆ ಮೂರಾದರೆ ಕುದುರೆಗೆ ಅಂಕ ಸಾಲದು, ಕುದುರೆ ಹೆಚ್ಚಾದರೆ ತೋಪು ಹೋಯಿತು. ಕೊನೆಗೆ ನಲವತ್ತು ಕಾಲಾಳು, ಎಂಟು ಸವಾರರು, ಎರಡು ಆನೆ, ಒಂದು ತೋಪು. ಬರಾಬರಿ ನೂರು. ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಿ, ಉದ್ದೇಶದ ಅಂಕಣದಲ್ಲಿ ಕಾಲಾಳುಗಳ ಎದುರಿಗೆ ಮುತ್ತಿನಂಥ ಅಕ್ಷರದಲ್ಲಿ ಬರೆದೆ: "ಆನೆಗಳ ಮುಂದೆ ನಿಂತು ಮೊದಲು ಸಾಯಲು."

ಗೊಂಬೆಗಳಿಗಾಗಿ ಖಾನಾಪುರಕ್ಕೆ ಹೋದೆ. ದೀಪಾವಳಿಗೆ ನಮ್ಮ ಕಡೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ ಸೈನಿಕರನ್ನು ನಿಲ್ಲಿಸುತ್ತಾರಲ್ಲ, ಅಂಥ ಸೈನಿಕರನ್ನು ಮಾಡುವ ಕುಂಬಾರ ಕಾಕಾ ಒಬ್ಬರು ಅಲ್ಲಿದ್ದರು. ನಾನು ಅಳತೆ ಹಾಕಿ ಬರೆದೊಯ್ದ ನಕ್ಷೆಯನ್ನು ಅವರು ತಿರುಗಾ ಮುರುಗಾ ನೋಡಿ, "ಮಣ್ಣಿಗೆ ನಕ್ಷಾ ಯಾಕ್ರಿ? ಬೆರಳ ತೋರಸ್ರಿ ಸಾಕು" ಎಂದು ನನ್ನ ತೋರುಬೆರಳು ಹಿಡಿದು ಅಳೆದುಕೊಂಡರು. ಸುಟ್ಟು, ಬಣ್ಣ ಹಚ್ಚಿ, ಭತ್ತದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಕೊಟ್ಟರು. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಒಂದು ಈಟಿಯೂ ಮುರಿಯಲಿಲ್ಲ.

ಅಪ್ಪ ತೀರಿದ ಮೇಲೆ ಮನೆಯಲ್ಲಿದ್ದದ್ದು ಅವ್ವ ಮತ್ತು ನಾನು, ಇಬ್ಬರೇ. ಅವ್ವ ಶೇಂಗಾ ಕಟ್ಟಿದ ಕಾಗದವನ್ನೂ ಬಿಡದೆ ಓದುವವಳು. ಯಾದಿಯನ್ನು ಸಾಹೇಬರಿಗೆ ಕೊಟ್ಟು ಬಂದ ದಿನ ಅದರ ಕಾರ್ಬನ್ ಪ್ರತಿ ಅವಳ ಕೈಯಲ್ಲಿತ್ತು.

"‘ಮೊದಲು ಸಾಯಲು’ ಅಂತ ಬರದೀಯಲ್ಲ, ಯಾರೋ ಇವರು?"

"ಕಾಲಾಳು, ಅವ್ವಾ. ಅವರನ್ನ ಮುಂದ ಬಿಟ್ರ ಗುಂಡೆಲ್ಲಾ ಅವರ ಮ್ಯಾಲ ಖರ್ಚ ಆಗ್ತಾವು. ಆಮ್ಯಾಲ ಆನಿ ಆರಾಮ ಹೋಗ್ತಾವು."

"ನಾಲ್ವತ್ತೂ ಮಂದಿ?"

"ಮಣ್ಣಿನ ಬೊಂಬಿ ಅದಾವ ತಗೋ."

"ಆ ರಾಜಾ ಕಡದದ್ದೂ ಹಿಟ್ಟಿನ ಕೋಳಿನ" ಎಂದಳು.

ನಮ್ಮ ಜೈನರ ಮನೆಗಳಲ್ಲಿ ಆ ಕಥೆ ಕೇಳದ ಮಕ್ಕಳಿಲ್ಲ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಪಾಪಕ್ಕೆ ರಾಜನೂ ಅವನ ತಾಯಿಯೂ ಎಷ್ಟೋ ಜನ್ಮ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಹಿಟ್ಟಿಗೆ ಜೀವವಿಲ್ಲ ನಿಜ, ಆದರೆ ಕೊಲ್ಲಬೇಕೆಂದು ಕೈ ಎತ್ತಿದ ಮನಸ್ಸಿಗೆ ಪಾಪ ತಗಲುತ್ತದಲ್ಲ.

"ಕಾಲ ತಪ್ಪಿ ಇರಿವಿ ತುಳದ್ರ ಅದು ಬ್ಯಾರೆ" ಎಂದಳು ಅವ್ವ. "ನೀ ಕುಂತು, ವಿಚಾರ ಮಾಡಿ, ಸ್ಕೇಲ್ ಹಿಡದು ಬರದೀ."

ನನಗೆ ಸಿಟ್ಟು ಬಂತು. "ಹಂಗಾರ ಹೋಗಬ್ಯಾಡ ಅಂತೀ ಏನ?"

"ಹೋಗು. ಮಾತ ಕೊಟ್ಟೀ, ಹೋಗು. ಎಷ್ಟ ಜೀವ ಬೀಳ್ತಾವ ಎಣಿಸಿಕೊಂಡ ಬಾ. ಒಂದ ಜೀವಕ್ಕ ಒಂದ ಉಪವಾಸ ಮಾಡ್ತೀನಿ."

ಅವಳದು ಬರೀ ಬೆದರಿಕೆಯ ಮಾತಲ್ಲ. ಆ ವರ್ಷ ನಮ್ಮ ಜೈನರ ಪರ್ವದ ದಿನಗಳಲ್ಲಿ ಉಪವಾಸ ಮಾಡಿ ಬಸದಿಯ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಿದ್ದಳು. ಇನ್ನು ಒಂದು ಹೊತ್ತೂ ಊಟ ಬಿಡಕೂಡದು ಎಂದು ಅವಳನ್ನು ನೋಡಿದ ಡಾಕ್ಟರರು ನನ್ನನ್ನು ಬಾಜೂಕೆ ಕರೆದು ಹೇಳಿದ್ದರು. ನಲವತ್ತು ಉಪವಾಸ ಎಂದರೆ ಅವ್ವ ಉಳಿಯುತ್ತಾಳೆಯೇ? ನನ್ನ ಸಿಟ್ಟು ಇಳಿದುಹೋಯಿತು.

ಮರುದಿನವೇ ಸೈಕಲ್ ಹತ್ತಿ ಸಾಹೇಬರ ಮನೆಗೆ ಹೋಗಿ, ಯಾದಿ ಬದಲಿಸಿಕೊಡುತ್ತೇನೆ ಎಂದೆ. ಕಾರಣ ಹೇಳಲು ನಾಚಿಕೆಯಾಯಿತು.

"ಫೌಜ್‌ನ್ಯಾಗ ಮನಸ್ಸ ಬದಲಾಗ್ತೈತ್ರಿ, ಯಾದಿ ಬದಲಾಗೂದಿಲ್ಲ. ಚಹಾ ಕುಡೀರಿ" ಎಂದರು ಸಾಹೇಬರು.

ಪಂದ್ಯವನ್ನೇ ಬಿಟ್ಟುಬಿಡಬಹುದಿತ್ತು. ನಾಲ್ವರಲ್ಲಿ ಒಬ್ಬ ಬಿಟ್ಟರೆ ಆಟ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಹೇಳಬೇಕೆಂದರೆ, ನನಗೆ ಆಡುವ ಆಸೆ ಇತ್ತು. ನಮ್ಮವ್ವನ ಮುಂದೆ ಆ ಆಸೆ ದೊಡ್ಡದಾಗಿ ಕಂಡಿತಲ್ಲ ಎಂದು ಈಗ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಸಾಹೇಬರ ನಿಯಮದಲ್ಲಿ ಒಂದು ಸಂದಿ ಇತ್ತು. ನಮ್ಮ ಕಡೆಯ ಅಂಚಿನಿಂದ ಮೇಜು ಬಿಟ್ಟು ಹೊರಟ ಸೈನಿಕ ಸತ್ತಂತಲ್ಲ. ರಣ ಬಿಟ್ಟ, ಅಷ್ಟೇ. ಮೊದಲ ಆಟ ಲೆಕ್ಚರರ್ ಜೊತೆ. ಅವರ ತೋಪು ಮುಂದೆ ಬರುವಷ್ಟರಲ್ಲಿ ನಾಲ್ಕು ಸರದಿಯಲ್ಲಿ ನನ್ನ ಇಡೀ ಸೈನ್ಯವನ್ನು ಹಿಂದಕ್ಕೆ ನಡೆಸಿ ಪೆಟ್ಟಿಗೆಗೆ ತುಂಬಿದೆ. ಹೋದ ಪುಟ್ಟ, ಬಂದ ಪುಟ್ಟ.

"ಆರಾಮ ಇಲ್ಲೇನ್ರಿ ನಿಮಗ?" ಎಂದು ಲೆಕ್ಚರರ್ ಕೇಳಿದರು.

ಸಾಹೇಬರು ನನ್ನನ್ನು ವರಾಂಡಕ್ಕೆ ಕರೆದರು. ಅವರ ಮುಖ ಕೆಂಪಾಗಿತ್ತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವ್ವನ ಮಾತನ್ನೂ ಡಾಕ್ಟರರ ಮಾತನ್ನೂ ಹೇಳಿಬಿಟ್ಟೆ.

"ನಿಮ್ಮ ಅವ್ವಾರಿಗೆ ನನ್ನ ನಮಸ್ಕಾರ ಹೇಳ್ರಿ" ಎಂದರು. "ಆದ್ರ ನಿಯಮ ನಿಯಮಾನ. ಎರಡನೇ ಆಟ ಆಡ್ರಿ."

ಎರಡನೆಯ ಆಟ ಬ್ಯಾಂಕಿನ ಗುಮಾಸ್ತನ ಜೊತೆ. ನಾನು ಓಡುವವನು ಎಂದು ಅವನಿಗೆ ಗೊತ್ತಾಗಿತ್ತಲ್ಲ, ಸವಾರರನ್ನು ಗುಡ್ಡದ ಹಿಂದಿನಿಂದ ಸುತ್ತಿಸಿ ನನ್ನ ಬೆನ್ನಿಗೇ ತಂದು ನಿಲ್ಲಿಸಿದ. ಮುಂದೆ ತೋಪು, ಹಿಂದೆ ಕುದುರೆ. ನನ್ನ ಕಾಲಾಳುಗಳು ಅಡಕತ್ತರಿಯಲ್ಲಿ ಸಿಕ್ಕಂತಾದರು. ಅವನು ದಾಳ ಉರುಳಿಸಿದ. ಇಬ್ಬರು ಬಿದ್ದರು. ಮತ್ತೆ ಉರುಳಿಸಿದ. ಇನ್ನಿಬ್ಬರು. ನನಗೆ ಮೇಜಿನ ಮೇಲಿನ ಸೈನಿಕರು ಕಾಣಲಿಲ್ಲ. ಬಸದಿಯ ಮೆಟ್ಟಿಲ ಮೇಲೆ ಬಿದ್ದ ಅವ್ವನೇ ಕಂಡಳು.

ಆಗ ಎರಡೂ ಆನೆಗಳನ್ನು ಅಡ್ಡ ತಿರುಗಿಸಿ ತೋಪಿನ ಎದುರು ನಿಲ್ಲಿಸಿದೆ. ಆನೆ ಬೀಳಲು ಎರಡು ಗುಂಡು ಬೇಕು. ಒಂದೊಂದು ಗುಂಡು ತಿಂದು ಎರಡೂ ನಿಂತೇ ಇದ್ದವು. ನನ್ನ ಸವಾರರನ್ನು ನುಗ್ಗಿಸಿ, ಯಾರನ್ನೂ ಬೀಳಿಸದೆ ಅವನ ಕುದುರೆಗಳನ್ನು ಸರಿಸಿ ಹಿಂದಿನ ದಾರಿ ತೆರವು ಮಾಡಿಸಿದೆ. ಆನೆಗಾಗಿ ಕಾಲಾಳು ಸಾಯಲಿ ಎಂದು ಬರೆದವನು ಕಾಲಾಳಿಗಾಗಿ ಆನೆ ನಿಲ್ಲಿಸಿದ್ದೆ. ಮೂವತ್ತಾರು ಮಂದಿ, ಸವಾರರು, ಕೊನೆಗೆ ಆನೆಗಳು ಮೇಜು ದಾಟಿದವು. ತೋಪು ಅವನ ಪಾಲಾಯಿತು. ಬಿದ್ದ ನಾಲ್ವರನ್ನು ಸಾಹೇಬರೇ ಎತ್ತಿ ಒಬ್ಬೊಬ್ಬರನ್ನಾಗಿ ಪೆಟ್ಟಿಗೆಯ ಹೊಟ್ಟಿನಲ್ಲಿ ಮಲಗಿಸಿದರು. ಆಡಿದ ನಾಲ್ವರಲ್ಲಿ ನಾನೇ ನಾಲ್ಕನೆಯವನು.

ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ಸುಳ್ಳು ಹೊಂದಿಸಿಕೊಂಡೆ. ಪೆಟ್ಟಿಗೆಯಲ್ಲಿ ನಲವತ್ತೂ ಗೊಂಬೆಗಳು ಇದ್ದೇ ಇದ್ದವು, ಯಾರು ಬಿದ್ದರೆಂದು ಅವಳಿಗೆ ಹೇಗೆ ತಿಳಿಯಬೇಕು? ಅವ್ವ ತಾಟು ಹಾಕಿ ಕಾಯುತ್ತಿದ್ದಳು. ಗೆದ್ದೆಯಾ ಎಂದು ಕೇಳಲಿಲ್ಲ.

"ಎಷ್ಟು?"

"ಯಾರೂ ಬಿದ್ದಿಲ್ಲವ್ವಾ."

ರೊಟ್ಟಿ ಹಾಕಲು ಚಾಚಿದ ಕೈಯನ್ನು ಅಲ್ಲೇ ಹಿಡಿದು ಅವಳು ನನ್ನ ಮುಖ ನೋಡಿದಳು. "ನೀ ಸಣ್ಣಾಂವ ಇದ್ದಾಗೂ ಹಿಂಗ ನೆಲಾ ನೋಡಿ ಸುಳ್ಳ ಹೇಳತಿದ್ದಿ. ಎಷ್ಟು?"

"ನಾಲ್ಕು" ಎಂದೆ. "ನಾಲ್ಕೂ ಉಪವಾಸ ನಾ ಮಾಡ್ತೀನಿ. ನೀ ಒಂದೂ ಮಾಡಬ್ಯಾಡ. ನೀ ಒಂದ ಹೊತ್ತೂ ಊಟ ಬಿಡಬಾರದಂತ ಡಾಕ್ಟರ ನನಗ ಹೇಳ್ಯಾರ."

ಅವಳು ನನ್ನ ತಾಟಿಗೆ ರೊಟ್ಟಿ ಹಾಕಿದಳು. ಪಲ್ಯ ಬಡಿಸಿದಳು. ತನ್ನ ತಾಟಿಗೂ ಹಾಕಿಕೊಂಡಳು.

"ಇವತ್ತ ಹೊಟ್ಟಿ ತುಂಬ ಉಣ್ಣು. ಎರಡ ನಿನಗ, ಎರಡ ನನಗ" ಎಂದಳು. "ಯಾದಿ ಬರದಾಂವ ನೀ, ನಿನ್ನ ಹಡದಾಕಿ ನಾ."

ಮರುದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿದ್ದು ನೀರು ಕಾಸಲಿಕ್ಕೆ ಮಾತ್ರ. ಇಬ್ಬರೂ ಎದುರುಬದುರು ಕುಳಿತು ಅದನ್ನೇ ಕುಡಿದೆವು.